ನಲ್ಲಿ ಪೈಪಿನಿಂದ ಹಡಗಿನ ದುರ್ಬೀನು

ನಾಟಕದಲ್ಲಿ ಒಂದು ಹಡಗು, ಹಡಗಿಗೊಬ್ಬಳು ಕ್ಯಾಪ್ಟನ್, ಕ್ಯಾಪ್ಟನ್ ಕೈಗೊಂದು ದುರ್ಬೀನು. ಹಡಗನ್ನು ಬಟ್ಟೆ, ಹಗ್ಗದಲ್ಲೇ ಮುಗಿಸಿದರು. ದುರ್ಬೀನು ನನ್ನ ಪಾಲಿಗೆ ಬಂತು. ನಿರ್ದೇಶಕರು ಕೇಳಿದ್ದು ಇಷ್ಟೇ: "ಎಳೆದರೆ ಉದ್ದ ಆಗಬೇಕು, ತಳ್ಳಿದರೆ ಒಳಗೆ ಹೋಗಬೇಕು, ಹಿಂದಿನ ಸಾಲಿನವರಿಗೂ ಹಿತ್ತಾಳೆ ಅನ್ನಿಸಬೇಕು." ಅದರಲ್ಲಿ ನೋಡಿದರೆ ಏನಾದರೂ ಕಾಣಬೇಕಾ ಅಂತ ಕೇಳಿದೆ. "ಅವಳು ರಂಗದಿಂದ ಕೆಳಗೆ ಬೀಳದಿದ್ದರೆ ಸಾಕು" ಅಂದರು.

ಮೊದಲು ರಟ್ಟಿನಲ್ಲಿ ಮಾಡಿದ್ದೆ. ಬಟ್ಟೆಯ ಸುರುಳಿ ಸುತ್ತಿ ಬರುತ್ತದಲ್ಲ, ಆ ದಪ್ಪ ರಟ್ಟಿನ ಕೊಳವೆ. ನೋಡಲು ಚೆನ್ನಾಗೇ ಇತ್ತು. ಎರಡನೇ ರಿಹರ್ಸಲ್‌ಗೆ ಕೈಬೆವರಿಗೆ ಅದರ ಬಾಯಿ ಮೆತ್ತಗಾಯಿತು. ಮೂರನೆಯದಕ್ಕೆ ಯಾರೋ ಅದರ ಮೇಲೆ ಕೂತರು. ಯಾರು ಅಂತ ಇವತ್ತಿಗೂ ಯಾರೂ ಒಪ್ಪಿಕೊಂಡಿಲ್ಲ. ಕೂತರೂ ಮುರಿಯದ ವಸ್ತು ಬೇಕು ಅಂತ ಗೊತ್ತಾಗಿದ್ದು ಹೀಗೆ. ಪಿವಿಸಿ ಪೈಪು ಬಿಟ್ಟರೆ ಬೇರೇನೂ ತಲೆಗೆ ಬರಲಿಲ್ಲ.

ಕೊಳವೆ ಹುಡುಕಿಕೊಂಡು ಇನ್ಯಾವುದೋ ಕಸುಬಿನ ಅಂಗಡಿಗೆ ಹೋದವರಲ್ಲಿ ನಾನು ಮೊದಲನೆಯವನಲ್ಲ. 1608ರಲ್ಲಿ ಹಾನ್ಸ್ ಲಿಪ್ಪರ್‌ಹೈ ಅನ್ನುವ ಕನ್ನಡಕದವನು ನೆದರ್ಲೆಂಡ್ಸ್‌ನಲ್ಲಿ ದುರ್ಬೀನಿಗೆ ಪೇಟೆಂಟ್ ಕೇಳಿದ. ಸುದ್ದಿ ತಿಳಿದ ಗೆಲಿಲಿಯೋ ಮರುವರ್ಷ ತಾನೇ ಮಾಡಿಕೊಳ್ಳಲು ಕೂತ. ಆಗ ಅವನು ತನಗೆ ಬಂದ ಒಂದು ಪತ್ರದ ಮೇಲೆ ಗೀಚಿಕೊಂಡ ಸಾಮಾನಿನ ಚೀಟಿ ಉಳಿದುಕೊಂಡಿದೆ. ಅದರಲ್ಲಿ ಗಾಜಿದೆ, ಫಿರಂಗಿ ಗುಂಡಿದೆ, ಫೆಲ್ಟ್ ಬಟ್ಟೆಯಿದೆ, ಜೊತೆಗೆ ಆರ್ಗನ್ ವಾದ್ಯದ ತವರದ ಕೊಳವೆ ಒಂದಿದೆ. ಗುಂಡು, ಫೆಲ್ಟ್ ಎಲ್ಲ ಮಸೂರ ಉಜ್ಜಲು ಇರಬೇಕು. ಆದರೆ ಆ ವಾದ್ಯದ ಕೊಳವೆ ನೋಡಿ ನನಗೆ ಭಾರಿ ಧೈರ್ಯ ಬಂತು.

ಒಂದೂವರೆಯೊಳಗೆ ಒಂದೂಕಾಲು

ನನ್ನ ಲೆಕ್ಕ ಸರಳವಾಗಿತ್ತು. ಒಂದೂವರೆ ಇಂಚಿನ ಪೈಪಿನೊಳಗೆ ಒಂದೂಕಾಲು, ಅದರೊಳಗೆ ಒಂದು, ಬೇಕಿದ್ದರೆ ಅದರೊಳಗೆ ಮುಕ್ಕಾಲು. ಒಂದೊಂದು ಅರ್ಧ ಮೀಟರ್ ಕೊಡಿ ಅಂದೆ. ಅಂಗಡಿಯವರು ಯಾವ ಲೈನಿಗೆ ಅಂತ ಕೇಳಿದರು. ಒಂದರೊಳಗೆ ಒಂದು ಜಾರಬೇಕು ಅಂದೆ. "ಪೈಪಿನೊಳಗೆ ಪೈಪು ಹಾಕಿದರೆ ನೀರು ಎಲ್ಲಿಗೆ ಹೋಗುತ್ತೆ ಸರ್?" ಅಂದರು. ಆಗಲೇ ಅಲ್ಲೇ ಹಾಕಿ ನೋಡಬೇಕಿತ್ತು. ನೋಡಲಿಲ್ಲ. ಆತುರ.

ಮನೆಗೆ ಬಂದು ನೋಡಿದರೆ ಒಂದೂವರೆಯೊಳಗೆ ಒಂದೂಕಾಲು ಹೋಗುವುದೇ ಇಲ್ಲ. ಬಾಯಿಗೆ ಬಾಯಿ ಕೊಟ್ಟು ನಿಲ್ಲುತ್ತದೆ. ಆಮೇಲೆ ವರ್ನಿಯರ್ ಹಿಡಿದು ಕೂತೆ. ಪೈಪಿನ ಮೇಲೆ ಬರೆದಿರುವ ಇಂಚು ಅದರ ಹೊರ ಅಳತೆಯೂ ಅಲ್ಲ, ಒಳ ಅಳತೆಯೂ ಅಲ್ಲ. ಸುಮ್ನೆ ಒಂದು ಹೆಸರು. ನಾನು ತಂದಿದ್ದು ಶೆಡ್ಯೂಲ್ 40 ಪೈಪು, ಶೆಡ್ಯೂಲ್ ಅಂದರೆ ಗೋಡೆ ಎಷ್ಟು ದಪ್ಪ ಅನ್ನುವ ದರ್ಜೆ. ಒಂದಿಂಚು ಅಂತ ಕರೆಯುವ ಪೈಪಿನ ಹೊರ ಅಳತೆ 33.4 ಮಿ.ಮೀ. ಅಂದರೆ ಇಂಚಿಗಿಂತ 8 ಮಿ.ಮೀ. ಜಾಸ್ತಿ. ಒಂದೂಕಾಲಿನದು 42.2, ಒಂದೂವರೆಯದು 48.3, ಎರಡರದು 60.3.

ಇದು ಕಬ್ಬಿಣದ ಪೈಪಿನ ಕಾಲದಿಂದ ಬಂದ ಹೆಸರು. ಆಗ ಒಳಗಿನ ರಂಧ್ರ ಹೆಚ್ಚುಕಮ್ಮಿ ಅಷ್ಟು ಇರುತ್ತಿತ್ತು. ಈಗ ಈ ಶೆಡ್ಯೂಲ್ ಪೈಪುಗಳಲ್ಲಿ ಕಂಪನಿ ಯಾವುದಿರಲಿ, ಗೋಡೆ ಎಷ್ಟು ದಪ್ಪ ಇರಲಿ, ಹೊರ ಅಳತೆ ಮಾತ್ರ ಒಂದೇ. ಇಲ್ಲದಿದ್ದರೆ ಎಲ್ಬೋ, ಟೀ, ಕಪ್ಲರ್ ಅಂತ ಪೈಪು ಜೋಡಿಸುವ ತುಂಡು ಯಾವುದೂ ಕೂರುವುದಿಲ್ಲವಲ್ಲ. ದಪ್ಪ ಹೆಚ್ಚಾದರೆ ಅದು ಒಳಗಡೆಗೆ ಬೆಳೆಯುತ್ತದೆ. ನೀರಿನ ಕೆಲಸಕ್ಕೆ ಇದು ಒಳ್ಳೆಯ ಏರ್ಪಾಡು. ಪೈಪಿನೊಳಗೆ ಪೈಪು ಜಾರಿಸುವವನಿಗೆ ಮಾತ್ರ ತಲೆನೋವು. ಒಂದೂವರೆ ಇಂಚಿನ ಒಳ ಅಳತೆ 40.9. ಒಂದೂಕಾಲಿನ ಹೊರ ಅಳತೆ 42.2. ಬರೀ 1.3 ಮಿ.ಮೀ. ಸಾಲದೆ ನನ್ನ ದುರ್ಬೀನು ಅಲ್ಲಿಗೇ ನಿಂತಿತು.

ಎಲ್ಲ ಜೋಡಿಗಳನ್ನೂ ಅಳೆದೆ. ಒಂದೂಕಾಲಿನ ಒಳ ಅಳತೆ 35, ಅದರಲ್ಲಿ ಒಂದಿಂಚಿನ 33.4 ಚೆನ್ನಾಗಿ ಜಾರುತ್ತದೆ. ಆದರೆ ಶೆಡ್ಯೂಲ್ 80 ತಂದರೆ ಅದೂ ಹೋಗುವುದಿಲ್ಲ, ಗೋಡೆ ದಪ್ಪವಾಗಿ ಒಳ ಅಳತೆ 32.5ಕ್ಕೆ ಇಳಿದಿರುತ್ತದೆ. ಇನ್ನು ಒಂದಿಂಚು ಮತ್ತು ಮುಕ್ಕಾಲಿನ ಜೋಡಿಯಂತೂ ಯಾರೋ ಬೇಕಂತಲೇ ಕೀಟಲೆ ಮಾಡಿದ ಹಾಗಿದೆ. ಒಂದಿಂಚಿನ ಒಳ ಅಳತೆ 26.6, ಮುಕ್ಕಾಲಿನ ಹೊರ ಅಳತೆ 26.7. ಬಾಯಿಗೆ ಸ್ವಲ್ಪ ಕಚ್ಚುತ್ತದೆ, ಆಸೆ ಹುಟ್ಟಿಸುತ್ತದೆ, ಹೋಗುವುದಿಲ್ಲ. ಅದನ್ನು ಉಜ್ಜಿ ಉಜ್ಜಿ ಒಂದು ಸಂಜೆ ಕಳೆದೆ. ಹತ್ತು ಸೆಂಟಿಮೀಟರ್ ಒಳಗೆ ಹೋಗಿ ಕಚ್ಚಿಕೊಂಡಿತು. ಅದೀಗ ಎರಡೂ ಸೇರಿ ಒಂದೇ ಪೈಪು.

ಕೊನೆಗೆ ಉಳಿದ ದಾರಿ ಎರಡು, ಒಂದೂವರೆ, ಒಂದು. ಎರಡಿಂಚಿನ ಒಳ ಅಳತೆ 52.5, ಅದರಲ್ಲಿ 48.3. ಒಂದೂವರೆಯ ಒಳ ಅಳತೆ 40.9, ಅದರಲ್ಲಿ 33.4. ಎರಡೂ ಕಡೆ ಗಡಗಡ ಅನ್ನುತ್ತವೆ, ಆದರೆ ಸಡಿಲವನ್ನು ತುಂಬಬಹುದು. ಇಲ್ಲದ ಜಾಗವನ್ನು ಮಾಡುವುದು ಕಷ್ಟ. ಒಳ್ಳೆಯದೇ ಆಯಿತು ಅಂತ ಆಮೇಲೆ ಅನ್ನಿಸಿತು. ರಂಗದ ಮೇಲೆ ಸಣ್ಣದು ಕಾಣುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಸಣ್ಣಗಾಗುತ್ತಾ ಬಂದರೆ ದೂರದಿಂದಲೂ ದುರ್ಬೀನು ಅಂತ ಗೊತ್ತಾಗುತ್ತದೆ.

ಬಳೆಗಳು

ಜಾರುವ ಕೊಳವೆಗೆ ಎರಡು ಕಡೆ ಆಧಾರ ಬೇಕು. ಒಳಗಿನ ಕೊಳವೆಯ ಬುಡದಲ್ಲಿ ಒಂದು ಬಳೆ, ಅದು ಹೊರಗಿನ ಕೊಳವೆಯ ಒಳಮೈಗೆ ತಾಗಿ ಓಡಾಡಬೇಕು. ಹೊರಗಿನ ಕೊಳವೆಯ ಬಾಯಲ್ಲಿ ಇನ್ನೊಂದು, ಅದು ಒಳಗಿನ ಕೊಳವೆಯ ಮೈಗೆ ತಾಗಬೇಕು. ಎಳೆದಾಗ ಈ ಎರಡು ಬಳೆಗಳೇ ಒಂದಕ್ಕೊಂದು ತಡೆದು ನಿಲ್ಲಿಸುತ್ತವೆ. ಇಲ್ಲದಿದ್ದರೆ ಕ್ಯಾಪ್ಟನ್ ಜೋರಾಗಿ ಎಳೆದ ದಿನ ಮುಂದಿನ ಸಾಲಿನವರ ಮಡಿಲಿಗೆ ಪೈಪು ಬೀಳುತ್ತದೆ.

ಒಂದಿಂಚಿನ ಕೊಳವೆಯ ಬುಡಕ್ಕೆ 3.7 ಮಿ.ಮೀ. ದಪ್ಪದ ಬಳೆ ಬೇಕಿತ್ತು. ಮೊದಲು ಟೆಫ್ಲಾನ್ ಟೇಪು ಸುತ್ತಿದೆ. ಅದು ನಾಲ್ಕು ಸಲ ಎಳೆಯುವಷ್ಟರಲ್ಲಿ ಸುರುಳಿಯಾಗಿ ಮುದುಡಿತು. ಕರೆಂಟಿನ ಟೇಪು ಸುತ್ತಿದೆ, ಅದರ ಅಂಟು ಹೊರಬಂದು ಎಲ್ಲ ಜಿಗುಟಾಯಿತು. ರಾತ್ರಿ ಕಸದ ಡಬ್ಬಿಯ ಪಕ್ಕ ನಿಂತಿದ್ದ ಒಂದೂಕಾಲು ಇಂಚಿನ ಪೈಪು ಕಣ್ಣಿಗೆ ಬಿತ್ತು. ದಂಡವಾಯಿತು ಅಂತ ಬೈದುಕೊಂಡು ಇಟ್ಟಿದ್ದೆ. ಅದರ ಗೋಡೆ ದಪ್ಪ ಅಳೆದೆ, 3.56.

ಈಗ ಲೆಕ್ಕ ನೋಡಿ. ಒಂದಿಂಚಿನ ಪೈಪಿನ ಸುತ್ತ ಈ ಗೋಡೆಯನ್ನು ಬಿಗಿಯಾಗಿ ತೊಡಿಸಿದರೆ ಹೊರ ಅಳತೆ 33.4ಕ್ಕೆ ಎರಡು ಸಲ 3.56 ಕೂಡಿಸಿ 40.5. ಒಂದೂವರೆಯ ಒಳ ಅಳತೆ 40.9. ಮಧ್ಯೆ ಉಳಿಯುವುದು 0.4 ಮಿ.ಮೀ. ಇದಕ್ಕಿಂತ ಒಳ್ಳೆಯ ಸಡಿಲವನ್ನು ಲೇತ್‌ನಲ್ಲಿ ಕೊಟ್ಟು ಮಾಡಿಸಿದರೂ ನಾನು ಕೇಳುತ್ತಿರಲಿಲ್ಲ. ಹೊರಗೆ ಹಾಕಬೇಕೆಂದಿದ್ದ ಪೈಪೇ ಒಳಗಿನ ಬಳೆಯಾಗಲು ಹೇಳಿ ಮಾಡಿಸಿದ ಹಾಗಿತ್ತು.

ಒಂದೇ ಅಡ್ಡಿ. ಒಂದೂಕಾಲಿನ ಒಳ ಅಳತೆ 35, ನನಗೆ ಬೇಕಾದ್ದು 33.4. ಸುಮಾರು 1.65 ಮಿ.ಮೀ. ಸಣ್ಣಗಾಗಬೇಕು. ಅದನ್ನು 3.14ರಿಂದ ಗುಣಿಸಿದರೆ 5.2. ಅಂದರೆ ಬಳೆಯನ್ನು ಉದ್ದಕ್ಕೆ ಸೀಳಿ, 5.2 ಮಿ.ಮೀ. ಅಗಲದ ಪಟ್ಟಿ ತೆಗೆದು, ಮತ್ತೆ ಮುಚ್ಚಿದರೆ ಸರಿಹೋಗುತ್ತದೆ. ಹ್ಯಾಕ್ಸಾ ಬ್ಲೇಡು ತಿನ್ನುವ ಒಂದು ಮಿಲಿಮೀಟರನ್ನೂ ಈ ಲೆಕ್ಕದಲ್ಲೇ ಸೇರಿಸಿಕೊಳ್ಳಿ. ನಾನು ಮೊದಲ ಬಳೆಯಲ್ಲಿ ಸೇರಿಸಿಕೊಳ್ಳದೆ, ಮುಚ್ಚಿದಾಗ ಅದು ಸಣ್ಣದಾಗಿ ಒಂದಿಂಚಿನ ಮೇಲೆ ಕೂರಲೇ ಇಲ್ಲ.

ಸೀಳಿದ ಬಳೆಯನ್ನು ಕೈಯಲ್ಲಿ ಮುಚ್ಚಿದರೆ ಮತ್ತೆ ಬಾಯಿ ಬಿಡುತ್ತದೆ. ಕುದಿಯುವ ನೀರು ಬೇಕು. ಪಿವಿಸಿ ಸುಮಾರು 80 ಡಿಗ್ರಿಗೆ ಮೆತ್ತಗಾಗುತ್ತದೆ. ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಬಿಟ್ಟರೆ ದಪ್ಪ ರಬ್ಬರಿನ ಹಾಗೆ ಬಗ್ಗುತ್ತದೆ. ಇಕ್ಕಳದಲ್ಲಿ ತೆಗೆದು, ಒಂದಿಂಚಿನ ಪೈಪಿನ ಮೇಲೆ ತೊಡಿಸಿ, ಹೋಸ್ ಕ್ಲಿಪ್ ಹಾಕಿ ಬಿಗಿಮಾಡಿ, ತಣ್ಣೀರಿಗೆ ಅದ್ದಿದೆ. ಆರಿದ ಮೇಲೆ ಕ್ಲಿಪ್ ಬಿಚ್ಚಿದರೆ ಬಳೆ ಹಾಗೇ ಕೂತಿತ್ತು. ನೀರು ಕಾಯಿಸಲು ಸೋಮಾರಿತನ ಅನ್ನಿಸಿದರೂ ಪೈಪನ್ನು ಬೆಂಕಿಗೆ ಮಾತ್ರ ಹಿಡಿಯಬೇಡಿ. ಸುಟ್ಟ ಪಿವಿಸಿಯಿಂದ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ. ಕಣ್ಣು, ಗಂಟಲು ಉರಿಸುವ ಹೊಗೆ ಅದು.

ಒಂದೂವರೆಯ ಬುಡಕ್ಕೆ ಬೇಕಾದ ಬಳೆ ತೆಳುವಿನದು, 2 ಮಿ.ಮೀ. ಮಾತ್ರ. ಮಳೆನೀರು ಇಳಿಸುವ ತೆಳು ಪೈಪಿನ ಒಂದು ತುಂಡು ಸಿಕ್ಕಿತು. ಅದನ್ನೂ ಸೀಳಿ, ಬಿಸಿನೀರಿನಲ್ಲಿ ಚಪ್ಪಟೆ ಮಾಡಿ, ಪಟ್ಟಿ ಕತ್ತರಿಸಿ, ಮತ್ತೆ ಬಿಸಿಮಾಡಿ ಸುತ್ತಿದೆ. ಸ್ವಲ್ಪ ಬಿಗಿ ಬಂತು. ಉಪ್ಪುಕಾಗದ ಹಿಡಿದು ಸರಿಮಾಡಿದೆ.

ಬಾಯಿಯ ಕಡೆಗೆ ರೆಡ್ಯೂಸರ್ ಹಾಕಿದೆ. ಎರಡರಿಂದ ಒಂದೂವರೆಗೆ ಇಳಿಯುವುದೊಂದು, ಒಂದೂವರೆಯಿಂದ ಒಂದಕ್ಕೆ ಇಳಿಯುವುದೊಂದು. ನೋಡುವುದಕ್ಕೆ ಹಳೆಯ ದುರ್ಬೀನಿನ ಕುತ್ತಿಗೆಯ ಹಾಗೇ ಇವೆ, ಇದಕ್ಕಾಗಿಯೇ ಮಾಡಿದ್ದಾರೇನೋ ಅನ್ನಬೇಕು. ಆದರೆ ರೆಡ್ಯೂಸರ್ ಒಳಗೆ ಪೈಪು ಬಂದು ನಿಲ್ಲಲಿ ಅಂತ ಒಂದು ಮೆಟ್ಟಿಲು ಇರುತ್ತದೆ. ಸಾಲದ್ದಕ್ಕೆ ಅದರ ಬಾಯಿ ನೇರವಾಗಿರುವುದಿಲ್ಲ, ಒಳಗೆ ಹೋಗುತ್ತಾ ಕೂದಲೆಳೆಯಷ್ಟು ಕಿರಿದಾಗುತ್ತದೆ. ನೀರು ಸೋರದಂತೆ ಪೈಪು ಕಚ್ಚಿಕೊಳ್ಳಲಿ ಅಂತ ಹಾಗೆ. ನನಗೆ ಬೇಕಾದ್ದು ಅದರ ಉಲ್ಟಾ. ಹಾಗಾಗಿ ಸಣ್ಣ ಕಡೆಯ ಬಾಯಿಯನ್ನು ಅರದಿಂದ ಉಜ್ಜಿ, ಮೆಟ್ಟಿಲನ್ನು ಕೆತ್ತಿ, ಪೈಪು ಆಚೆಗೆ ಹೋಗುವ ಹಾಗೆ ಮಾಡಬೇಕಾಯಿತು. ಜೊತೆಗೆ ಒಳಗೆ ಅಂಟಿಸಲಿರುವ ಮಖಮಲ್ ಪಟ್ಟಿಗೂ ಜಾಗ ಬಿಡಬೇಕು.

ಇಡೀ ಕೆಲಸದಲ್ಲಿ ಬೇಸರದ ಭಾಗ ಇದೇ. ಎರಡು ಸಂಜೆ ಹಿಡಿಯಿತು. ಒಂದು ಸಣ್ಣ ಪೈಪಿಗೆ 80 ನಂಬರಿನ ಉಪ್ಪುಕಾಗದ ಸುತ್ತಿ ತಿರುಗಿಸುತ್ತಾ ಕೂತೆ. ಒಣಗಿದ್ದಾಗ ಉಜ್ಜಿದರೆ ಬಿಳಿ ಧೂಳು ಮನೆತುಂಬ ಹಾರುತ್ತದೆ, ಮೂಗಿಗೂ ಹೋಗುತ್ತದೆ. ನೀರು ಹಾಕಿಕೊಂಡು ಉಜ್ಜುವುದೇ ಸರಿ. ಧೂಳು ಕೆಸರಾಗಿ ಅಲ್ಲೇ ಉಳಿಯುತ್ತದೆ.

ಸೊಲ್ಯೂಷನ್ ಹಚ್ಚಿದ ಮೇಲೆ ಅಳಬಾರದು

ಪೈಪು ಅಂಟಿಸುವ ಸೊಲ್ಯೂಷನ್ ಅಂಟಲ್ಲ. ಅದು ಎರಡೂ ಕಡೆಯ ಪ್ಲಾಸ್ಟಿಕ್ಕನ್ನು ಕರಗಿಸಿ ಒಂದು ಮಾಡುತ್ತದೆ. ಕೆಲವೇ ಸೆಕೆಂಡಿನಲ್ಲಿ ಹಿಡಿಯುತ್ತದೆ. ಆಮೇಲೆ ಬಿಡಿಸುವ ಮಾತೇ ಇಲ್ಲ, ಗರಗಸ ಒಂದೇ. ಇದೆಲ್ಲ ಗೊತ್ತಿದ್ದೂ ನಾನು ಒಂದೂವರೆ ಇಂಚಿನ ಕೊಳವೆಯ ಒಂದು ತುದಿಗೆ ಬಳೆ, ಇನ್ನೊಂದು ತುದಿಗೆ ರೆಡ್ಯೂಸರ್, ಎರಡನ್ನೂ ಅಂಟಿಸಿ ಕೈ ತೊಳೆದುಕೊಂಡು ಬಂದೆ. ಬಂದು ಎರಡಿಂಚಿನ ಕೊಳವೆಯೊಳಗೆ ಹಾಕಲು ಹೋದರೆ ಯಾವ ಕಡೆಯಿಂದ ಹಾಕಲಿ? ಮುಂದಿನಿಂದ ಬಳೆ ತಡೆಯುತ್ತದೆ, ಹಿಂದಿನಿಂದ ರೆಡ್ಯೂಸರ್ ತಡೆಯುತ್ತದೆ. ಜಾಡಿಯೊಳಗೆ ಕೈ ಹಾಕಿ ಮುಷ್ಟಿ ಕಟ್ಟಿದವನ ಕತೆ.

ಸರಿಯಾದ ಕ್ರಮ ಹೀಗೆ. ಒಂದೊಂದು ಕೊಳವೆಯ ಬುಡಕ್ಕೂ ಮೊದಲು ಬಳೆ ಮಾತ್ರ. ಎರಡಿಂಚಿನ ಬಾಯಿಗೆ ಅದರ ರೆಡ್ಯೂಸರ್. ಒಂದೂವರೆಯನ್ನು ಎರಡಿಂಚಿನ ದೊಡ್ಡ ತುದಿಯಿಂದ ಒಳಗೆ ಬಿಟ್ಟು, ರೆಡ್ಯೂಸರ್ ದಾಟಿಸಿ ಹೊರಗೆ ತರಬೇಕು. ಹೊರಗೆ ಬಂದ ತುದಿಗೆ ಆಗ ಅದರ ರೆಡ್ಯೂಸರ್. ಒಂದಿಂಚಿನದನ್ನೂ ದೊಡ್ಡ ತುದಿಯಿಂದಲೇ ಬಿಟ್ಟು ಹೊರಗೆ ತಂದು, ಕೊನೆಗೆ ಕಣ್ಣಿಡುವ ತುಂಡು. ದೊಡ್ಡ ತುದಿಯ ಕಪ್ಲರ್ ಎಲ್ಲಕ್ಕಿಂತ ಕೊನೆಗೆ. ನಾನು ಕೊಳವೆ ಕತ್ತರಿಸಿ, ಹೊಸ ರೆಡ್ಯೂಸರ್ ತಂದು, ಆ ಎರಡು ಸಂಜೆಯ ಉಜ್ಜಾಟವನ್ನು ಮತ್ತೆ ಮಾಡಿದೆ.

ಇನ್ನೊಂದು ವಿಷಯವೂ ಆಗ ತಿಳಿಯಿತು. ಒಣಗಿದ್ದಾಗ ಪೈಪನ್ನು ಫಿಟ್ಟಿಂಗ್‌ಗೆ ತಳ್ಳಿದರೆ ಅದು ಪೂರ್ತಿ ಒಳಗೆ ಹೋಗುವುದಿಲ್ಲ, ಅರ್ಧದಾರಿಯಲ್ಲೋ ಸ್ವಲ್ಪ ಮುಂದೋ ಕಚ್ಚಿ ನಿಲ್ಲುತ್ತದೆ. ಸೊಲ್ಯೂಷನ್ ಹಚ್ಚಿದರೆ ಜಾರಿ ತಳದವರೆಗೆ ಹೋಗುತ್ತದೆ. ಒಣ ಜೋಡಣೆಯಲ್ಲಿ ಅಳೆದ ಉದ್ದ ನಿಜವಾದ ಉದ್ದವಲ್ಲ. ನನ್ನದು ಒಂದೊಂದು ಕಡೆ ಒಂದೂವರೆ ಸೆಂಟಿಮೀಟರ್ ಕಮ್ಮಿಯಾಯಿತು.

ಇದಾದ ಮೇಲೆ ಸೊಲ್ಯೂಷನನ್ನು ಬಳೆಗಳಿಗೆ ಮಾತ್ರ ಇಟ್ಟುಕೊಂಡೆ. ಅದೂ ಬಳೆಯ ನಡುವಿಗೆ ತೆಳುವಾಗಿ, ಅಂಚಿಗೆ ಹರಿಯದ ಹಾಗೆ. ರೆಡ್ಯೂಸರ್, ಕಪ್ಲರ್ ಎಲ್ಲಕ್ಕೂ ಮೂರು ಮೂರು ಸಣ್ಣ ಸ್ಕ್ರೂ ಹಾಕಿದೆ. ಗುಂಡು ತಲೆಯ ಸ್ಕ್ರೂ. ತುದಿ ಒಳಗೆ ಚುಚ್ಚಿಕೊಂಡು ಬರದ ಹಾಗೆ ಗಿಡ್ಡದು. ಬೇಕಾದಾಗ ಬಿಚ್ಚಬಹುದು, ಬಣ್ಣ ಬಿದ್ದ ಮೇಲೆ ಅವೇ ರಿವೆಟ್ಟಿನ ಹಾಗೆ ಕಾಣುತ್ತವೆ.

ಎಳೆದಾಗ ಜೋಲುವುದು

ಜೋಡಿಸಿ ಎಳೆದರೆ ತುದಿ ಕೆಳಗೆ ಜೋತುಬಿತ್ತು. ಹಿತ್ತಾಳೆ ದುರ್ಬೀನು ಹೋಗಿ ಬಾಡಿದ ಬಾಳೆದಿಂಡಿನ ಹಾಗಾಯಿತು. ಬಳೆ ಸಡಿಲ ಅಂದುಕೊಂಡು ಮೊದಲು ಅದನ್ನೇ ದಪ್ಪ ಮಾಡಲು ಹೋದೆ. ದಪ್ಪವಾದರೆ ಜಾರುವುದಿಲ್ಲ. ನಿಜವಾದ ತಪ್ಪು ಬೇರೆ ಕಡೆ ಇತ್ತು. ಉದ್ದ ಜಾಸ್ತಿ ಬರಲಿ ಅಂತ ಆಸೆಪಟ್ಟು, ಪೂರ್ತಿ ಎಳೆದಾಗ ಒಂದರೊಳಗೊಂದು ಬರೀ 2 ಸೆಂಟಿಮೀಟರ್ ಉಳಿಯುವ ಹಾಗೆ ಮಾಡಿದ್ದೆ. ಬಳೆಯಿಂದ ಬಾಯಿಗೆ 20 ಮಿ.ಮೀ. ದೂರ, ಸಡಿಲ 0.4 ಮಿ.ಮೀ. ಹೊರಗೆ ಚಾಚಿದ 240 ಮಿ.ಮೀ. ತುದಿಯಲ್ಲಿ ಅದು ಹನ್ನೆರಡು ಪಟ್ಟಾಗುತ್ತದೆ, ಅಂದರೆ ಸುಮಾರು 5 ಮಿ.ಮೀ. ಎರಡು ಕೀಲಿನಲ್ಲೂ ಹೀಗೇ ಆದರೆ ಕಣ್ಣಿಗೆ ಹೊಡೆಯುತ್ತದೆ. ಅದೇ ದೂರವನ್ನು 60 ಮಿ.ಮೀ. ಮಾಡಿದರೆ ಚಾಚಿದ ಭಾಗ 200ಕ್ಕೆ ಇಳಿಯುತ್ತದೆ, ತುದಿಯ ಜೋಲು 1.3 ಮಿ.ಮೀ. ಕಾಣುವುದೇ ಇಲ್ಲ.

ಬಳೆಯನ್ನು ಕಿತ್ತು ಮುಂದೆ ಸರಿಸಬೇಕಾಗಿರಲಿಲ್ಲ, ಪುಣ್ಯ. ಬಳೆಯ ಮುಂದೆ ಅದೇ ಒಂದೂಕಾಲಿನ ಪೈಪಿನಿಂದ ಇನ್ನೊಂದು ಉದ್ದನೆಯ ಬಳೆ ಕತ್ತರಿಸಿ ತೊಡಿಸಿದೆ. ಎಳೆದಾಗ ಅದು ಮೊದಲು ರೆಡ್ಯೂಸರ್‌ಗೆ ತಾಗಿ ನಿಲ್ಲುತ್ತದೆ, ಹಿಂದಿನ ಬಳೆ 6 ಸೆಂಟಿಮೀಟರ್ ಹಿಂದೆಯೇ ಉಳಿಯುತ್ತದೆ. ಒಂದೂವರೆಯ ಕೊಳವೆಗೂ ತೆಳು ಪೈಪಿನಲ್ಲಿ ಹಾಗೇ ಮಾಡಿದೆ. ಮೂರೂ ಕೊಳವೆ 26 ಸೆಂಟಿಮೀಟರ್ ಉದ್ದದವು. ಮುಚ್ಚಿದರೆ ಎಲ್ಲ ಸೇರಿ 36, ಎಳೆದರೆ ಹತ್ತಿರ ಹತ್ತಿರ 75. ತೂಕ ಮುಕ್ಕಾಲು ಕಿಲೋ ಆಸುಪಾಸು. ದೊಡ್ಡ ತುದಿಯೇ ಭಾರ, ಆದ್ದರಿಂದ ಎಡಗೈ ಮುಂದೆ ಹಿಡಿಯಲೇಬೇಕು. ಹಾಗೆ ಹಿಡಿದರೇ ಕ್ಯಾಪ್ಟನ್ ಥರ ಕಾಣುತ್ತಾಳೆ ಅಂತ ನಿರ್ದೇಶಕರು ಖುಷಿಪಟ್ಟರು. ಭಾರ ಜಾಸ್ತಿಯಾಯಿತೇನೋ ಅಂತ ಹೆದರಿದ್ದ ನಾನು ಬಾಯಿ ಮುಚ್ಚಿಕೊಂಡೆ.

ಬಣ್ಣ

ಪೈಪಿನ ಮೇಲಿನ ಅಕ್ಷರ ಅಳಿಸಲು ಉಗುರುಬಣ್ಣ ತೆಗೆಯುವ ಅಸಿಟೋನ್ ಸಾಕು. ಬಟ್ಟೆಗೆ ಹಾಕಿ ಒಂದು ಸಲ ಎಳೆದು ಬಿಡಬೇಕು. ತಿಕ್ಕುತ್ತಾ ನಿಂತರೆ ಪೈಪಿನ ಮೈಯೇ ಜಿಗುಟಾಗುತ್ತದೆ. ಆಮೇಲೆ 220 ನಂಬರಿನ ಉಪ್ಪುಕಾಗದದಲ್ಲಿ ಹೊಳಪು ತೆಗೆದು, ಪ್ಲಾಸ್ಟಿಕ್ಕಿಗೆ ಹಿಡಿಯುವ ಪ್ರೈಮರ್ ಹೊಡೆದೆ. ಹೊಳಪು ತೆಗೆಯದೆ ಹೊಡೆದರೆ ಬಣ್ಣ ಉಗುರಿಗೇ ಸಿಪ್ಪೆಯ ಹಾಗೆ ಏಳುತ್ತದೆ.

ಬಂಗಾರದ ಬಣ್ಣವನ್ನು ನೇರವಾಗಿ ಬಿಳಿಯ ಮೇಲೆ ಹೊಡೆದರೆ ಸಿಹಿ ಡಬ್ಬದ ಬಣ್ಣ ಬರುತ್ತದೆ. ಅಡಿಯಲ್ಲಿ ಕಪ್ಪು ಬೇಕು. ಹೊಳೆಯುವ ಕಪ್ಪು ಹೊಡೆದು, ಪೂರ್ತಿ ಒಣಗಿಸಿ, ಅದರ ಮೇಲೆ ತೆಳುವಾಗಿ ಬಂಗಾರದ ಸ್ಪ್ರೇ. ಕಪ್ಪು ಅಲ್ಲಲ್ಲಿ ಇಣುಕಿದರೆ ಇನ್ನೂ ಚೆಂದ. ಒಣಗಿದ ಮೇಲೆ ಕಂದು ಅಕ್ರಿಲಿಕ್ ಬಣ್ಣವನ್ನು ನೀರಾಗಿ ಕಲಸಿ ಬಳಿದು, ತಕ್ಷಣ ಒರೆಸಿದೆ. ಮೂಲೆಯಲ್ಲಿ, ಸ್ಕ್ರೂ ಸುತ್ತ ಮಾತ್ರ ಕಂದು ಉಳಿಯಿತು. ಹಳೆಯ ಹಿತ್ತಾಳೆಯಲ್ಲಿ ಕಿಲುಬು ನಿಲ್ಲುವುದು ಅಲ್ಲೇ ಅಲ್ವಾ. ಕೈ ಹಿಡಿಯುವ ಜಾಗ ಉಜ್ಜಿಹೋಗಿ ಹೊಳೆಯುತ್ತದೆ, ಕೈ ಹೋಗದ ಜಾಗ ಕಪ್ಪಾಗುತ್ತದೆ. ಎಲ್ಲ ಕಡೆ ಒಂದೇ ಸಮ ಕೊಳೆ ಹಚ್ಚಿದರೆ ಅದು ಹಳೆಯದಾಗಿ ಕಾಣುವುದಿಲ್ಲ, ಗಲೀಜಾಗಿ ಕಾಣುತ್ತದೆ.

ಮೇಲೆ ಕ್ಲಿಯರ್ ಕೋಟ್ ಹೊಡೆಯುವ ಆಸೆ ಇತ್ತು. ಒಂದು ಚೂರು ಪೈಪಿನ ಮೇಲೆ ಮೊದಲು ಪರೀಕ್ಷೆ ಮಾಡಿದೆ. ಬಂಗಾರ ಬೂದಿಯಾಯಿತು. ಕೆಲವು ಲೋಹದ ಬಣ್ಣಗಳು ಹಾಗೇ, ಮೇಲೆ ಏನು ಬಿದ್ದರೂ ಹೊಳಪು ಸಾಯುತ್ತದೆ. ಬಿಟ್ಟುಬಿಟ್ಟೆ. ಬದಲಿಗೆ ಒಂದು ವಾರ ಮುಟ್ಟದೆ ಒಣಗಿಸಿ, ಮೇಣ ಹಚ್ಚಿ ಒರೆಸಿದೆ.

ಜಾರುವ ಕೊಳವೆಗೆ ಬಣ್ಣ ನಿಲ್ಲುವುದಿಲ್ಲ ಅನ್ನುವುದು ನನ್ನ ದೊಡ್ಡ ಭಯವಾಗಿತ್ತು. ಆದರೆ ಬಳೆಗಳು ಇಲ್ಲಿ ಕೈಹಿಡಿದವು. ಬುಡದ ಬಳೆ ತಾಗುವುದು ಹೊರಗಿನ ಕೊಳವೆಯ ಒಳಮೈಗೆ, ಅಲ್ಲಿ ಬಣ್ಣವೇ ಇಲ್ಲ. ಬಣ್ಣ ಇರುವ ಮೈಗೆ ತಾಗುವುದು ರೆಡ್ಯೂಸರ್ ಒಳಗಿನ ಮಖಮಲ್ ಮಾತ್ರ. ಪ್ಲಾಸ್ಟಿಕ್ಕು ಬಣ್ಣವನ್ನು ಎಲ್ಲೂ ಕೆರೆಯುವುದಿಲ್ಲ. ಮಖಮಲ್ಲಿನಿಂದ ಇನ್ನೊಂದು ಲಾಭ, ಎಳೆದಾಗ ಪೈಪಿನ ಸದ್ದು ಹೋಗಿ ಮೆತ್ತನೆಯ ಉಜ್ಜುವ ಸದ್ದು ಬಂತು. ಪಿವಿಸಿಯ ಗುಟ್ಟು ರಟ್ಟಾಗುವುದು ಸದ್ದಿನಿಂದಲೇ.

ದೊಡ್ಡ ಕೊಳವೆಗೆ ಹಳೆಯ ಕೈಚೀಲದ ಕಂದು ರೆಕ್ಸಿನ್ ಸುತ್ತಿ, ಅಡಿಯಲ್ಲಿ ದಪ್ಪ ದಾರದಲ್ಲಿ ಹೊಲಿದೆ. ಮುಂದಿನ ಕಪ್ಲರ್ ತುದಿಗೆ ಬೇಸಿನ್ನಿನ ನೀರು ಹೋಗುವ ತೂತಿಗೆ ಕೂರಿಸುವ ವೇಸ್ಟ್ ಕಪ್ಲಿಂಗ್‌ನ ಅಗಲ ತಲೆಯನ್ನು ಕತ್ತರಿಸಿ ಕೂರಿಸಿದೆ. ಅದರ ದುಂಡು ಅಂಚು ಪೈಪಿನ ಬೋಳು ಬಾಯಿಯನ್ನು ಮುಚ್ಚಿತು. ಕಣ್ಣಿನ ಕಡೆ ಒಂದಿಂಚಿನ ಕಪ್ಲರ್, ಅದರೊಳಗೆ ರಬ್ಬರ್ ವಾಷರ್. ನಟಿಗೆ ಕಣ್ಣಿನ ಸುತ್ತ ಬಣ್ಣ ಹಚ್ಚಿರುತ್ತಾರೆ, ಗಟ್ಟಿ ಪ್ಲಾಸ್ಟಿಕ್ ಒತ್ತಿದರೆ ಅದು ಅಳಿಸುತ್ತದೆ. ರಬ್ಬರ್ ಇದ್ದರೆ ಕಣ್ಣಿಗೂ ಕ್ಷೇಮ.

ಮಸೂರ ಹಾರಿದ್ದು

ಬೆಳಕು ಬಿದ್ದಾಗ ಮುಂದಿನ ತುದಿ ಮಿನುಗಲಿ ಅಂತ ಆಟಿಕೆ ಪೊಟ್ಟಣದ ಉಬ್ಬಿದ ಪಾರದರ್ಶಕ ಪ್ಲಾಸ್ಟಿಕ್ಕನ್ನು ದುಂಡಗೆ ಕತ್ತರಿಸಿ ಮಸೂರದ ಜಾಗಕ್ಕೆ ಅಂಟಿಸಿದೆ. ಕಣ್ಣಿನ ಕಡೆಗೂ ಒಂದು ಚಪ್ಪಟೆ ಬಿಲ್ಲೆ. ನಿಜವಾದ ಮಸೂರ ಹಾಕುವ ಆಸೆ ಯಾರಿಗಾದರೂ ಬಂದರೆ, ಅದನ್ನು ಸೂರ್ಯನ ಕಡೆ ತಿರುಗಿಸಿ ನೋಡಬಾರದು ಅನ್ನುವುದನ್ನು ನಟರಿಗೆ ಮೊದಲೇ ಹೇಳಿಬಿಡಿ. ನನಗೆ ಆ ತಾಪತ್ರಯ ಬೇಡವಾಗಿತ್ತು.

ಬಣ್ಣದ ದುರ್ಬೀನು ಹೋದ ಮೊದಲ ರಿಹರ್ಸಲ್. ಕ್ಯಾಪ್ಟನ್ ಎಳೆದಳು, ನೋಡಿದಳು, "ಭೂಮಿ!" ಅಂದಳು. ಎಲ್ಲ ಸರಿ. ಆಮೇಲೆ ಕೋಪದಲ್ಲಿ ಅಂಗೈಯಿಂದ ಪಟ್ಟನೆ ಮುಚ್ಚಿದಳು. ಟಪ್ ಅಂತ ಸದ್ದಾಗಿ ಮುಂದಿನ ಮಸೂರ ಹಾರಿ ಹಡಗಿನ ಹಾಯಿಗೆ ಬಡಿಯಿತು. ಒಂದು ಕ್ಷಣ ಯಾರಿಗೂ ಏನಾಯಿತೆಂದು ತಿಳಿಯಲಿಲ್ಲ. ಆಮೇಲೆ ಚುಕ್ಕಾಣಿ ಹಿಡಿದವನು ನಗಲು ಶುರುಮಾಡಿದ, ರಿಹರ್ಸಲ್ ಅಲ್ಲಿಗೆ ಮುಗಿಯಿತು.

"ಅಣ್ಣಾ, ನಾನೇನೂ ಮಾಡಿಲ್ಲ" ಅಂದಳು. ಅವಳ ತಪ್ಪೇನೂ ಇರಲಿಲ್ಲ. ಎರಡೂ ತುದಿ ಮುಚ್ಚಿದ್ದೆ, ಕೀಲುಗಳಲ್ಲಿ ಮಖಮಲ್ ತುಂಬಿದ್ದೆ. ನಾನು ಕಟ್ಟಿದ್ದು ದುರ್ಬೀನಲ್ಲ, ಸೈಕಲ್ ಪಂಪು. 75 ಸೆಂಟಿಮೀಟರಿನ ಗಾಳಿ 36ಕ್ಕೆ ಒತ್ತಿಕೊಂಡಾಗ ಎಲ್ಲಿಗೆ ಹೋಗಬೇಕು? ಅಂಟು ಸೋತ ಕಡೆಗೆ ಹೋಯಿತು. ಬಿಗಿಯಾಗಿದೆ ಅಂತ ನಾನು ಹೆಮ್ಮೆಪಟ್ಟಿದ್ದ ಜಾರಾಟದ ಅರ್ಧ ಭಾಗ ಈ ಗಾಳಿಯದ್ದೇ ಇತ್ತು. ಎಳೆಯುವಾಗ ಸ್ವಲ್ಪ ಹಿಂದಕ್ಕೆ ಹೀರಿದ ಹಾಗಾಗುತ್ತಿತ್ತು, ಅದನ್ನೂ ನಾನು ಒಳ್ಳೆಯ ಗುಣ ಅಂದುಕೊಂಡಿದ್ದೆ.

ದೊಡ್ಡ ಕೊಳವೆಯ ಮುಂದಿನ ತುದಿಯ ಹತ್ತಿರ 6 ಮಿ.ಮೀ.ನ ಎರಡು ತೂತು ಕೊರೆದೆ. ರೆಕ್ಸಿನ್ನನ್ನು ಅಲ್ಲಿ ಅಂಟಿಸದೆ ಸಡಿಲ ಬಿಟ್ಟರೆ ತೂತು ಕಾಣುವುದಿಲ್ಲ, ಗಾಳಿ ಮಾತ್ರ ಓಡಾಡುತ್ತದೆ. ಕಣ್ಣಿನ ಬಿಲ್ಲೆಯನ್ನು ಪೂರ್ತಿ ತೆಗೆದೆ. ಒಳಗಿನಿಂದ ಯಾರೂ ಅದನ್ನು ನೋಡುತ್ತಿರಲಿಲ್ಲ. ಮುಂದಿನ ಮಸೂರವನ್ನು ಈ ಸಲ ಬರೀ ಅಂಟಿಗೆ ಬಿಡದೆ, ಒಳಗೆ ಒಂದು ಬಳೆ ಹೊರಗೆ ವೇಸ್ಟ್ ಕಪ್ಲಿಂಗ್ ತಲೆ, ನಡುವೆ ಅದನ್ನು ಸಿಕ್ಕಿಸಿ ಸ್ಕ್ರೂ ಹಾಕಿದೆ. ಮತ್ತೆ ಮುಚ್ಚಿದಾಗ ಫುಸ್ ಅಂತ ಸಣ್ಣ ಉಸಿರು ಬಂತು. ನಿರ್ದೇಶಕರು ಅದನ್ನು ತೆಗೆಯಬೇಡ ಅಂದರು.

ಗಾಳಿ ಹೋದ ಮೇಲೆ ಒಂದು ಹೊಸ ತೊಂದರೆ. ಈಗ ಕೊಳವೆಗಳು ತೀರಾ ಸಲೀಸು. ತುದಿ ಕೆಳಗೆ ಮಾಡಿದರೆ ತಾವೇ ಇಳಿದುಬರುತ್ತವೆ. ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡು ನಡೆದರೆ ಮೂರು ಹೆಜ್ಜೆಗೆ ದುರ್ಬೀನು ಮೊಳಕಾಲು ಮುಟ್ಟುತ್ತಿತ್ತು. ಮಖಮಲ್ ಪಟ್ಟಿಯ ಅಡಿಯಲ್ಲಿ ಒಂದು ಪದರ ಕಾಗದದ ಟೇಪು ಕೊಟ್ಟು ಎತ್ತರಿಸಿದೆ. ದೊಡ್ಡ ಕೀಲಿಗೆ ಒಂದು ಪದರ ಸಾಕಾಯಿತು. ಸಣ್ಣ ಕೀಲಿಗೆ ಎರಡು ಬೇಕಾಯಿತು. ಎಳೆದಾಗ ಮೊದಲು ದೊಡ್ಡ ಕೊಳವೆ, ಆಮೇಲೆ ಸಣ್ಣದು ಅನ್ನುವ ಕ್ರಮವೂ ಇದರಿಂದಲೇ ಬಂತು. ಹೆಚ್ಚು ಬಿಗಿ ಇರುವುದು ತಡವಾಗಿ ಹೊರಡುತ್ತದೆ. ಇದನ್ನು ನಾನು ಯೋಚಿಸಿ ಮಾಡಿದ್ದಲ್ಲ.

ಆಟಗಳೆಲ್ಲ ಮುಗಿದ ಮೇಲೆ ವಾಪಸ್ ತರಿಸಿ ಬಿಚ್ಚಿ ನೋಡಿದೆ. ಬಳೆಗಳು ಮತ್ತು ಕೊಳವೆಯ ಒಳಮೈ ಉಜ್ಜಿ ನುಣುಪಾಗಿವೆ, ಸವೆದಿಲ್ಲ. ಬಣ್ಣ ಹೋಗಿರುವುದು ಒಂದೇ ಕಡೆ, ಕ್ಯಾಪ್ಟನ್ ಎಡಗೈಯ ಉಂಗುರ ತಾಗುತ್ತಿದ್ದ ಜಾಗದಲ್ಲಿ. ಅಡಿಯ ಕಪ್ಪು ಅಲ್ಲಿ ಕಾಣುತ್ತಿದೆ, ಹಾಗೇ ಬಿಟ್ಟೆ. ಮಖಮಲ್ ಮಾತ್ರ ಕೆಳಗಿನ ಅರ್ಧದಲ್ಲಿ ಕೂದಲುದುರಿ ಬೋಳಾಗಿದೆ, ಚಾಚಿದ ಭಾರವೆಲ್ಲ ಅಲ್ಲೇ ಕೂರುತ್ತದಲ್ಲ. ಮೇಲಿನ ಅರ್ಧ ಹೊಸದರ ಹಾಗೇ ಇದೆ. ಪಟ್ಟಿ ಬದಲಿಸಲಿಲ್ಲ. ಎರಡೂ ರೆಡ್ಯೂಸರ್‌ಗಳನ್ನು ಬಿಚ್ಚಿ, ಅರ್ಧ ಸುತ್ತು ತಿರುಗಿಸಿ, ಹೊಸದಾಗಿ ತೂತು ಕೊರೆದು ಸ್ಕ್ರೂ ಹಾಕಿದೆ. ಹಳೆಯ ಆರು ತೂತುಗಳಿಗೆ ಬಂಗಾರದ ಬಣ್ಣದ ಚುಕ್ಕೆ ಇಟ್ಟೆ.